‘ವೆಲ್-ಸೆಟಲ್ಡ್’ ಅಂದ್ರೆ ಯಾರು ಸ್ವಾಮಿ?

ಭಾನುವಾರದ ಪೇಪರಿನ ವಧು-ವರ ಕಾಲಂ ತೆಗೆದು ನೋಡಿ. ಜಾತಿ, ನಕ್ಷತ್ರ, ಎತ್ತರ ಆದಮೇಲೆ ಒಂದು ಮಾತು ಬಂದೇ ಬರುತ್ತೆ: ‘ವೆಲ್-ಸೆಟಲ್ಡ್ ವರ ಬೇಕು’. ಕನ್ನಡದ ಜಾಹೀರಾತಲ್ಲೂ ಇದೇ. ಇದಕ್ಕೊಂದು ಕನ್ನಡ ಪದ ಯಾಕೆ ಹುಡುಕಲ್ಲ ಗೊತ್ತಾ? ಹುಡುಕಿದರೆ ಗುಟ್ಟು ರಟ್ಟಾಗುತ್ತೆ.

ಇಂಗ್ಲಿಷಿನಲ್ಲಿ ಸೆಟಲ್ ಅಂದ್ರೆ ಅಲುಗಾಟ ನಿಂತು ತಳವೂರುವುದು. ಕದಡಿದ ನೀರಿನ ಮಣ್ಣು ತಳಕ್ಕೆ ಕೂತರೂ ಸೆಟಲ್, ವಲಸೆ ಬಂದವರು ಒಂದು ಕಡೆ ನೆಲೆ ನಿಂತರೂ ಸೆಟಲ್. ಕೋರ್ಟಿನ ತೀರ್ಪುಗಳಲ್ಲಿ ‘ವೆಲ್-ಸೆಟಲ್ಡ್’ ಪದೇಪದೇ ಬರುತ್ತೆ. ಹಿಂದೆಯೇ ಇತ್ಯರ್ಥವಾಗಿ, ಇನ್ನು ತಕರಾರಿಗೆ ಜಾಗವಿಲ್ಲದ ತತ್ವ ಅಂತ ಅರ್ಥ. (ನಾಮಪದದ ಮುಂದೆ ಬಂದರೆ ಎರಡು ಪದಗಳ ಮಧ್ಯೆ ಗೀಟು ಹಾಕ್ತಾರೆ, ಆಮೇಲೆ ಬಂದರೆ ಸಾಮಾನ್ಯವಾಗಿ ಹಾಕಲ್ಲ. ನಮ್ಮ ಜಾಹೀರಾತಿನವರಿಗೆ ಆ ಗೀಟಿನ ಗೊಡವೆ ಇಲ್ಲ, ಬಿಡಿ.)

ಈಗ ಇದೇ ಅರ್ಥ ಇಟ್ಕೊಂಡು ಅಳೆಯಿರಿ. ನಾನು ಬಿಇ ಓದಿದ ಸಾಫ್ಟ್‌ವೇರಿನವನು, ಮದುವೆ ಬ್ರೋಕರ್ ಲೆಕ್ಕದಲ್ಲಿ ವೆಲ್-ಸೆಟಲ್ಡ್. ಬೆಂಗಳೂರಿನ ಫ್ಲಾಟು ಇನ್ನೂ ಹದಿನಾರು ವರ್ಷ ಬ್ಯಾಂಕಿಂದು. ಕೆಲಸ ಎರಡು ತಿಂಗಳ ನೋಟಿಸಿನದು; ಒಂದು ಪ್ರಾಜೆಕ್ಟ್ ಮುಗಿಯಿತು ಅಂದ್ರೆ ಎದೆ ಢವಢವ. ಊರಲ್ಲಿ ನನ್ನ ಜೊತೆ ಓದಿದವನಿಗೆ ಮೂರು ಎಕರೆ ನೀರಾವರಿ ಜಮೀನಿದೆ, ಸಾಲವಿಲ್ಲದ ಮನೆಯಿದೆ, ನಾಲ್ಕು ಹಸು ಕಟ್ಟಿ ಡೇರಿಗೆ ಹಾಲು ಹಾಕ್ತಾನೆ. ತಳವೂರಿದವನು ಯಾರು? ಅವನಿಗೆ ಮೂವತ್ತೈದಾದರೂ ಹೆಣ್ಣು ಸಿಕ್ಕಿಲ್ಲ. “ಹುಡುಗ ಒಳ್ಳೆಯವನೇ, ಆದ್ರೆ ಸೆಟಲ್ ಆಗಿಲ್ಲವಲ್ಲ” ಅಂದವರು ಸ್ವತಃ ರೈತರು!

2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಮದುವೆಯಾಗದ ಯುವಕರು ಹೆಣ್ಣು ಸಿಗಲಪ್ಪಾ ಅಂತ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಅವರಲ್ಲಿ ಬಹಳ ಮಂದಿ ಬೇಸಾಯಗಾರರು. ಅದನ್ನ ಓದಿ ನಕ್ಕವರೇ ಜಾಸ್ತಿ.

ಹುಡುಗಿಯರನ್ನ ಬೈಯೋಕೆ ನಾನು ತಯಾರಿಲ್ಲ. ಮಳೆ, ಬೆಲೆ ಎರಡೂ ಕೈಕೊಡುವ ಕಸುಬು. ಅಮ್ಮ ಕೊಟ್ಟಿಗೆಯಲ್ಲಿ ಸವೆದಿದ್ದನ್ನ ಕಣ್ಣಾರೆ ಕಂಡವಳು ಬೇಡ ಅಂದ್ರೆ ಅದು ಅವಳ ಹಕ್ಕು. ನನ್ನ ಜಗಳ ಈ ಪದದ ಜೊತೆ. ತಿಂಗಳ ಸಂಬಳ ಬೇಕು, ಬೆಂಗಳೂರು ಬೇಕು, ಸಗಣಿ ಬಾಚೋಕಾಗಲ್ಲ ಅಂತ ನೇರ ಹೇಳಿ. ಕೊಟ್ಟಿಗೆಗೆ ಆಳು ಇಡ್ತೀನಿ, ಹಾಲಿನ ದುಡ್ಡು ನಿನ್ನ ಕೈಗೇ ಕೊಡ್ತೀನಿ ಅಂತ ಅವನೂ ಹೇಳಬಹುದು. ‘ಸೆಟಲ್ ಆಗಿಲ್ಲ’ ಅಂದ್ರೆ ಅವನು ಏನಂತ ಉತ್ತರ ಕೊಡಬೇಕು? ಹೊಲ ಮಾರಿ, ಬೆಂಗಳೂರಿಗೆ ಬಂದು, ಬೈಕಿನಲ್ಲಿ ಊಟ ಹಂಚಬೇಕು. ನಮ್ಮೂರಿನ ಇಬ್ಬರು ಹಾಗೇ ಮಾಡಿದ್ದಾರೆ. ಒಬ್ಬನಿಗೆ ಮದುವೆಯೂ ಆಯ್ತು.