ಹನ್ನೊಂದು ಅಂಕಿಗಳ ಹಾರ

ನಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ ಒಮ್ಮೆ ಬೋರ್ಡಿನ ಮೇಲೆ 12345654321 ಎಂದು ಬರೆದು, ಕನ್ನಡದಲ್ಲಿ ಓದಿ ಎಂದೆವು. 'ಟ್ವೆಲ್ವ್ ಬಿಲಿಯನ್' ಎಂದು ಥಟ್ಟನೆ ಶುರುಮಾಡಿದ ಮಕ್ಕಳು ಕನ್ನಡಕ್ಕೆ ಬಂದಾಗ ತಡವರಿಸಿದರು. ಅವರನ್ನು ನೋಡಿ ನಗುವಂತಿರಲಿಲ್ಲ. ಹಿಂದೆ ಕುಳಿತಿದ್ದ ಅಪ್ಪ ಅಮ್ಮಂದಿರಾದ ನಾವೂ ಬೆರಳು ಮಡಿಚಿ ಸ್ಥಾನ ಎಣಿಸಬೇಕಾಯಿತು: ಒಂದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷದ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು.

ಈ ಸಂಖ್ಯೆಗೂ ನಮ್ಮ ನಾಡಿಗೂ ಹಳೆಯ ನಂಟು. ಕ್ರಿ.ಶ. 850ರ ಸುಮಾರಿಗೆ, ಕವಿರಾಜಮಾರ್ಗ ಹುಟ್ಟಿದ ಅಮೋಘವರ್ಷ ನೃಪತುಂಗನ ಕಾಲದಲ್ಲೇ, ಜೈನ ಗಣಿತಜ್ಞ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ರಚಿಸಿದರು. ಅದರ ಗುಣಾಕಾರದ ಲೆಕ್ಕಗಳಲ್ಲಿ ಒಂದು, 27994681ನ್ನು 441ರಿಂದ ಗುಣಿಸುವುದು. ಉತ್ತರವೇ ಒಂದರಿಂದ ಆರಕ್ಕೆ ಏರಿ ಮತ್ತೆ ಒಂದಕ್ಕೆ ಇಳಿಯುವ ಈ ಹಾರ. ಯಾವ ಕಡೆಯಿಂದ ಓದಿದರೂ ಒಂದೇ.

ಇಲ್ಲಿಗೆ ಚಪ್ಪಾಳೆ ತಟ್ಟಿ ಮುಗಿಸುವುದು ನಮ್ಮ ಅಭ್ಯಾಸ. 'ಸೊನ್ನೆ ಕೊಟ್ಟವರು ನಾವು' ಎಂದು ವಾರ್ಷಿಕೋತ್ಸವದಲ್ಲಿ ಮಕ್ಕಳಿಂದ ಬಾಯಿಪಾಠ ಒಪ್ಪಿಸುತ್ತೇವೆ. ಅದರ ಬದಲು ಅರ್ಧ ಗಂಟೆ ಈ ಸಂಖ್ಯೆಯನ್ನೇ ಅವರ ಕೈಗೆ ಕೊಟ್ಟು ಬಿಡಿಸಲು ಹೇಳೋಣ ಎನ್ನುವುದು ನಮ್ಮ ಅಭಿಪ್ರಾಯ. 441 ಎಂದರೆ 21ರ ವರ್ಗ. 27994681 ಎಂದರೆ 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಅಂದರೆ ಇಡೀ ಹಾರ 111111ರ ವರ್ಗ! ಆ ಆರು ಒಂದುಗಳನ್ನು ಒಂದೊಂದು ಸ್ಥಾನ ಸರಿಸುತ್ತಾ ಆರು ಸಾಲು ಬರೆದು ಕೂಡಿದರೆ, ಮೊತ್ತ ಆರರವರೆಗೆ ಏರಿ ಇಳಿಯುವುದು ಕಣ್ಣಿಗೇ ಕಾಣುತ್ತದೆ. ಎಲ್ಲೂ 'ಕೈಯಲ್ಲಿ ಒಂದು' ಇಟ್ಟುಕೊಳ್ಳಬೇಕಿಲ್ಲ. ಒಂಬತ್ತು ಒಂದುಗಳವರೆಗೂ ಹೀಗೆಯೇ. ಹತ್ತನೆಯದು ಬಂದೊಡನೆ ಹಾರ ಕಡಿದುಹೋಗುತ್ತದೆ. ಏಕೆಂದು ಮಕ್ಕಳೇ ಹೇಳಲಿ. ಇನ್ನೂ ಒಂದು ಹೆಜ್ಜೆ ಹೋದರೆ, 111111 ಎಂದರೆ 111 ಸಲ 1001. ಅದರ ಅವಿಭಾಜ್ಯ ಅಪವರ್ತನಗಳು 3, 7, 11, 13, 37. ಆಚಾರ್ಯರ ಲೆಕ್ಕದಲ್ಲಿ 3 ಮತ್ತು 7 ಒಂದು ತಕ್ಕಡಿಗೆ, ಉಳಿದ ಮೂರು ಇನ್ನೊಂದಕ್ಕೆ ಬಿದ್ದಿವೆ.

'ಗಣಿತ ಹೇಗೂ ಸ್ಕೂಲಿನಲ್ಲಿ ಕಲಿಯುತ್ತಾರೆ, ಇಲ್ಲಿ ಭಾಷೆ ಕಲಿಸಿದರೆ ಸಾಕು' ಎನ್ನುವವರು ನಮ್ಮಲ್ಲೇ ಇದ್ದಾರೆ. ಎಣಿಸಲು ಬಾರದ ಭಾಷೆ ಹಬ್ಬದ ದಿನಕ್ಕಷ್ಟೇ ಉಳಿದೀತು ಎಂಬ ಭಯ ನಮಗೆ. ಮಹಾವೀರಾಚಾರ್ಯರು ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾರೆ. ಅದರಂತೆ ನಮ್ಮ ಹಾರದ ಮೊದಲ ಮಣಿ ಇರುವುದು ಅರ್ಬುದದ ಸ್ಥಾನದಲ್ಲಿ. ನಮ್ಮ ಮಕ್ಕಳಿಗೆ ಲಕ್ಷ, ಕೋಟಿಯಾದರೂ ಬಾಯಿಗೆ ಬರಬೇಡವೇ?

ಇದು ದೂರದ ಕಥೆಯೂ ಅಲ್ಲ. ಶಿಕಾಗೊದಿಂದ ಡೆಟ್ರಾಯಿಟ್‌ಗೆ ಐ-94ರಲ್ಲಿ ಹೋಗುವಾಗ ಇಪ್ಸಿಲ್ಯಾಂಟಿ ಸಿಗುತ್ತದಲ್ಲ, ಅಲ್ಲಿನ ಶಿಕ್ಷಕರ ಕಾಲೇಜಿನಲ್ಲಿ 1891ರಿಂದ 1898ರವರೆಗೆ ಡೇವಿಡ್ ಯೂಜಿನ್ ಸ್ಮಿತ್ ಗಣಿತ ಕಲಿಸುತ್ತಿದ್ದರು. ಮುಂದೆ 1908ರಲ್ಲಿ ರೋಮ್‌ನ ಗಣಿತಜ್ಞರ ಸಮ್ಮೇಳನದಲ್ಲಿ ಈ ಗ್ರಂಥದ ಬಗ್ಗೆ ಪ್ರಬಂಧ ಮಂಡಿಸಿದವರು ಅವರೇ. ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಇಂಗ್ಲಿಷ್ ಅನುವಾದದೊಡನೆ ಹೊರತಂದ ಆವೃತ್ತಿಗೆ ಪೀಠಿಕೆಯನ್ನೂ ಬರೆದರು.

ಪದ್ಮಾವತಮ್ಮನವರ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದ ಪ್ರಕಟವಾಗಿದೆ. ನಮ್ಮ ತರಗತಿಯ ಕಪಾಟಿನಲ್ಲಿ ಅದು ಇನ್ನೂ ಇಲ್ಲ. ಈ ಬೇಸಿಗೆಯಲ್ಲಿ ಊರಿಗೆ ಹೋಗುವವರು ಯಾರಾದರೂ ಸೂಟ್‌ಕೇಸಿನಲ್ಲಿ ಒಂದು ಪ್ರತಿಗೆ ಜಾಗ ಮಾಡುವಿರಾ?