ಕೆರೆಯ ಕೆಳಗಿನ ಮನೆ



ಇಟಲಿ ದೇಶದ ನೇಪಲ್ಸ್ ನಗರದ ಸಮೀಪದಲ್ಲಿ ವೆಸೂವಿಯಸ್ ಎಂಬ ಜ್ವಾಲಾಮುಖಿಯಿರುವುದು. ಕ್ರಿ.ಶ. 79ರಲ್ಲಿ ಅದು ಪಾಂಪೆ ಪಟ್ಟಣವನ್ನು ಬೂದಿಯಲ್ಲಿ ಹೂಳಿತು. ಕಡೆಯ ಬಾರಿ 1944ರಲ್ಲಿ ಬೆಂಕಿ ಕಾರಿತು. ಆದಾಗ್ಯೂ ಅದರ ತಪ್ಪಲಿನಲ್ಲಿ ಇಂದಿಗೂ ಲಕ್ಷಾಂತರ ಜನರು ವಾಸವಾಗಿರುವರು. ಇವರೇನು ಅವಿವೇಕಿಗಳೆ? ಅಲ್ಲ. ಅಲ್ಲಿಯ ಮಣ್ಣು ಫಲವತ್ತಾದುದು. ದ್ರಾಕ್ಷಿಯು ವರ್ಷವರ್ಷವೂ ಫಲಿಸುವುದು. ಬೆಂಕಿಯಾದರೋ ಎಂದೋ ಒಮ್ಮೆ. ನಿತ್ಯಲಾಭವು ಕಣ್ಣೆದುರಿಗಿರಲು ದೂರದ ಆಪತ್ತು ಮರೆತುಹೋಗುವುದು ಮನುಷ್ಯಸ್ವಭಾವ.

ನಮ್ಮ ಯಲಹಂಕದಲ್ಲಿ ಜ್ವಾಲಾಮುಖಿಯಿಲ್ಲ, ಕೆರೆಯಿದೆ. 2021ರ ನವೆಂಬರಿನಲ್ಲಿ ಅತಿವೃಷ್ಟಿಯಿಂದ ಕೆರೆಯು ತುಂಬಿ ಹರಿದು, ಕೇಂದ್ರೀಯ ವಿಹಾರವೆಂಬ ವಸತಿಸಮುಚ್ಚಯವು ಜಲಾವೃತವಾಯಿತು; ನಿವಾಸಿಗಳನ್ನು ದೋಣಿಗಳಲ್ಲಿ ಹೊರತರಬೇಕಾಯಿತು. ತಗ್ಗಿನ ಬೀದಿಯಲ್ಲಿರುವ ನಮ್ಮ ಮನೆಗೂ ಮೊಣಕಾಲುದ್ದ ನೀರು ನುಗ್ಗಿತು. ಅಂದೇ ಪುಸ್ತಕದ ಪೆಟ್ಟಿಗೆಯನ್ನು ಅಟ್ಟಕ್ಕೇರಿಸಿದೆನು.

2023ರಲ್ಲಿ ನಾಡಿಗೆ ನಾಡೇ ಬರಗಾಲವನ್ನು ಕಂಡಿತು. ಏಣಿ ಹತ್ತುವ ಶ್ರಮವೇಕೆಂದು ಪೆಟ್ಟಿಗೆಯನ್ನು ಕೆಳಗಿಳಿಸಿದೆನು. “ನೂರು ವರ್ಷಕ್ಕೊಮ್ಮೆ ಬರೋ ಮಳೆ ಬಂದುಹೋಯ್ತಲ್ಲ ಮೇಷ್ಟ್ರೇ, ಇನ್ನೇನು ಭಯ?” ಎಂದರು ನೆರೆಮನೆಯವರು. ನಾನೂ ತಲೆಯಾಡಿಸಿದೆನು. ಮೂವತ್ತು ವರ್ಷ ಪಾಠ ಹೇಳಿದವನಿಗೆ ಇಷ್ಟು ತಿಳಿಯಬೇಡವೆ? ನೂರು ವರ್ಷಕ್ಕೊಮ್ಮೆ ಎಂದರೆ ಮುಂದಿನ ತೊಂಬತ್ತೊಂಬತ್ತು ವರ್ಷ ಅಭಯವೆಂದು ಅರ್ಥವಲ್ಲ. ಪ್ರತಿವರ್ಷವೂ ನೂರರಲ್ಲಿ ಒಂದು ಪಾಲು ಸಂಭವವುಂಟೆಂದು ಅರ್ಥ. ಪಗಡೆಯ ದಾಳಕ್ಕೆ ಹಿಂದಿನ ಗರದ ನೆನಪಿರುವುದೆ?

2024ರ ಅಕ್ಟೋಬರಿನಲ್ಲಿ ಅದೇ ಕೇಂದ್ರೀಯ ವಿಹಾರಕ್ಕೆ ಪುನಃ ದೋಣಿಗಳು ಬಂದವು. ವಿದ್ಯಾರ್ಥಿದೆಸೆಯಿಂದ ನನ್ನೊಡನಿದ್ದ ಅಮರಕೋಶದ ಪ್ರತಿಯು ಕೆಸರುನೀರಿನಲ್ಲಿ ನೆನೆದು ಮುದ್ದೆಯಾಯಿತು.

ಪೂರ್ವದಲ್ಲಿ ಕೆರೆಗೊಬ್ಬ ನೀರುಗಂಟಿಯಿರುತ್ತಿದ್ದನು; ಏರಿ, ತೂಬುಗಳ ಮೇಲೆ ಕಣ್ಣಿಡುವುದು ಅವನ ಕೆಲಸ. ಕೆರೆಯು ಕೋಡಿಬಿದ್ದ ದಿನ ಊರವರು ಏರಿಯ ಮೇಲೆ ನೆರೆದು ಗಂಗಮ್ಮನಿಗೆ ಬಾಗಿನವನ್ನರ್ಪಿಸುತ್ತಿದ್ದರು. ಅದು ಭಕ್ತಿಯೂ ಹೌದು, ಪಾಠವೂ ಹೌದು. ಹೆಚ್ಚಿದ ನೀರು ಯಾವ ದಾರಿಯಲ್ಲಿ ಹೊರಡುವುದೆಂಬುದನ್ನು ಮಕ್ಕಳೂ ಕಣ್ಣಾರೆ ಕಾಣುತ್ತಿದ್ದರು. ಇಂದು ಆ ದಾರಿಯಲ್ಲಿ ಮನೆಗಳೆದ್ದಿವೆ, ನಮ್ಮದೂ ಸೇರಿ. ಕಟ್ಟಿದ ಮನೆಯನ್ನು ಹೊತ್ತೊಯ್ಯಲಾಗದು, ನೆನಪನ್ನಾದರೂ ಉಳಿಸಿಕೊಳ್ಳಬಹುದು.

ಆದುದರಿಂದ ನಡುಮನೆಯ ಗೋಡೆಯಲ್ಲಿ, ನೀರು ನಿಂತ ಮಟ್ಟಕ್ಕೆ, ಎರಡು ಗೆರೆಗಳನ್ನೆಳೆದು ವರ್ಷಗಳನ್ನು ಬರೆದಿರುವೆನು. ಮನೆಪತ್ರ, ಔಷಧ, ಅಕ್ಕಿಯ ಡಬ್ಬ ಇವೆಲ್ಲವೂ ಆ ಗೆರೆಗಳಿಗಿಂತ ಮೇಲಿರುವುವು. ಕಳೆದ ಯುಗಾದಿಗೆ ಬಣ್ಣ ಬಳಿಯಲು ಬಂದವನು, “ಇದನ್ನೂ ಅಳಿಸಿಬಿಡ್ಲಾ, ಸ್ವಾಮಿ?” ಎಂದನು. ಅದೊಂದನ್ನು ಬಿಟ್ಟು ಉಳಿದುದನ್ನೆಲ್ಲ ಬಳಿಯಪ್ಪಾ ಎಂದೆನು.