ತಾರೀಖಿಲ್ಲದ ಉದ್ರಿ

“ಉಂಡಿ ಅಗದಿ ಛಲೋ ಆಗಿದ್ವು ನೋಡ್ರಿ, ಎರಡ ದಿನದಾಗ ಡಬ್ಬಿ ಖಾಲಿ!” ಅನ್ನೋ ಮೆಸೇಜು ಪಾರ್ಸಲ್ ಮುಟ್ಟಿದ ಮೂರನೇ ದಿನಕ್ಕ ಬರ್ತದ. ಅದರ ರೊಕ್ಕ ಎಷ್ಟನೇ ದಿನಕ್ಕ ಬರ್ತದ ಅನ್ನೋದನ್ನ ಮಾತ್ರ ಪಂಚಾಂಗ ನೋಡಿದ್ರೂ ಹೇಳಲಿಕ್ಕೆ ಬರೂದಿಲ್ಲ. ಮನ್ಯಾಗ ಕೂತು ವಾಟ್ಸ್ಯಾಪಿನಾಗ ಚಟ್ನಿಪುಡಿ, ಕಡಕ್ ರೊಟ್ಟಿ, ಶೇಂಗಾ ಹೋಳಿಗಿ, ಖಣದ ಕುಪ್ಪಸ ಮಾರೋ ನಮ್ಮಂಥವರಿಗೆ ಇದು ಹೊಸಾ ಸುದ್ದಿ ಅಲ್ಲ. “ಸಂಜಿಗೆ ಹಾಕ್ತೀನ್ರಿ”, “ನಮ್ಮನಿಯವರು ಬಂದ ಕೂಡಲೆ ಹಾಕಸ್ತೀನಿ”, “ಯಾಕೋ ನೆಟ್ಟ ನಡೀವಲ್ದು”. ಈ ಮೂರು ಮಾತು ಕೇಳದಾಕಿ ಇನ್ನೂ ವ್ಯಾಪಾರ ಶುರು ಮಾಡಿಲ್ಲ ಅಂತನ ಅರ್ಥ.

ನನ್ನ ಮಾತು ಇಷ್ಟ: ಮೊದಲ ರೊಕ್ಕ, ಆಮ್ಯಾಲೆ ಪಾರ್ಸಲ್. ಹಂಗ ಕೇಳೋದ್ರಾಗ ನಮಗ ನಾಚಿಕಿ ಇಲ್ಲ, ಗಿರಾಕಿಗೆ ಅವಮಾನನೂ ಇಲ್ಲ. ಉದ್ರಿ ಕೊಡಲೇಬಾರದು ಅಂತ ನಾ ಅನ್ನೂದಿಲ್ಲ. ಉದ್ರಿ ನಮ್ಮ ಕಡೆ ಅಜ್ಜ ಮುತ್ತಜ್ಜನ ಕಾಲದ್ದು. ‘ಇಂದು ರೋಖ, ನಾಳೆ ಉದ್ರಿ’ ಅಂತ ಬೋರ್ಡು ಹಾಕಿ ಅದರ ಕೆಳಗ ಕೂತ ಕಿರಾಣಿ ಅಂಗಡಿಯಂವನೂ ಉದ್ರಿ ಖಾತೆ ಬರೀತಿರ್ತಾನ. ಆದ್ರ ಆ ಉದ್ರಿಗೆ ಒಂದು ವಹಿ ಅದ, ಒಂದು ತಾರೀಖು ಅದ. ಪಗಾರ ಆದ ದಿನ ಹೋಗಿ ಮುಟ್ಟಸ್ತೀವಿ, ಅಂವ ಗೆರಿ ಹೊಡೀತಾನ. ಫೋನಿನಾಗಿನ ‘ಆಮ್ಯಾಲೆ ಹಾಕ್ತೀನಿ’ಗೆ ವಹಿನೂ ಇಲ್ಲ, ತಾರೀಖೂ ಇಲ್ಲ. ಕೊಟ್ಟಾಕಿಗೆ ತಾ ಸಾಲಾ ಕೊಟ್ಟೀನಿ ಅಂತ ಗೊತ್ತಿಲ್ಲ, ತೊಗೊಂಡಾಕಿಗೆ ತಾ ಸಾಲಾ ಮಾಡೀನಿ ಅಂತ ಗೊತ್ತಿಲ್ಲ.

ಲೆಕ್ಕಾ ಹಾಕಿ ನೋಡೋಣು. ಒಂದು ಪಾರ್ಸಲ್ 600 ರೂಪಾಯಿದ್ದು ಅಂತ ಇಟಗೊಳ್ರಿ. ಶೇಂಗಾ, ಬೆಲ್ಲ, ತುಪ್ಪ, ಗ್ಯಾಸು, ಡಬ್ಬಿ, ಕೊರಿಯರ್ ಅಂತ 400 ರೂಪಾಯಿ ಮನಿ ಬಾಗಲಾ ದಾಟೋದ್ರೊಳಗ ಹೋಗಿರ್ತದ. ನಮಗ ಉಳಿಯೋದು 200. ಹತ್ತು ಪಾರ್ಸಲ್ ಕಳಿಸಿದ್ರ ಖರ್ಚು 4000. ಏಳು ಮಂದಿ ಕೊಟ್ರು, ಮೂರು ಮಂದಿ ‘ಸಂಜಿಗೆ’ ಅಂದ್ರು. ಕೈಗೆ ಬಂದದ್ದು 4200. ಅಂದ್ರ ಹತ್ತು ಮಂದಿಗೆ ಉಂಡಿ ಕಟ್ಟಿ, ಸೊಂಟಾ ಹಿಡಿಸಿಕೊಂಡು ನಮಗ ದಕ್ಕಿದ್ದು 200 ರೂಪಾಯಿ! ಆ ಮೂವರು ತಮ್ಮ ಮನಸಿನಾಗ ‘ಬರೇ ಆರುನೂರು, ಎಲ್ಲೆ ಓಡಿ ಹೋಗ್ತದ’ ಅನಕೊಂಡಿರ್ತಾರ. ಅವರ ಲೆಕ್ಕದಾಗ ಅದು ಆರುನೂರು ಖರೇ. ನಮ್ಮ ಲೆಕ್ಕದಾಗ ಮುಂದಿನ ವಾರದ ಶೇಂಗಾ, ಬೆಲ್ಲ ಎಲ್ಲಾ ಅದರಾಗನ ಅದ. ಸಂಘದಾಗ ಸಾಲಾ ತೊಗೊಂಡಾಕಿ ವಾರಕ್ಕೊಮ್ಮೆ ಕಂತು ಕಟ್ಟಬೇಕು. ಅಲ್ಲೆ ಹೋಗಿ “ಸಂಜಿಗೆ ಹಾಕ್ತೀನ್ರಿ” ಅಂದ್ರ ನಡೀತದೇನು?

ನಮ್ಮ ಓಣ್ಯಾಗ ಒಬ್ಬಾಕಿ ಕೌದಿ ಹೊಲೀತಾಳ. ಹಳೇ ಸೀರಿ ಪದರ ಪದರ ಹಾಕಿ, ಕೈಲೆ ಟಾಕಿ ಹಾಕಿ ಹೊಲಿಯೋದು, ಒಂದಕ್ಕ ಹದಿನೈದ ಇಪ್ಪತ್ತ ದಿನ ಹಿಡೀತದ. ದೂರದ ಊರಿನವರೊಬ್ಬರು ಫೋಟೋ ನೋಡಿ, ತಮ್ಮ ಅಜ್ಜಿ ಸೀರಿ ಕಳಿಸಿ ಎರಡು ಕೌದಿ ಹೊಲಿಸಿಕೊಂಡ್ರು. ಕೌದಿ ಮುಟ್ಟಿದ್ವು. ಅಜ್ಜಿ ನೆನಪಾಗಿ ಕಣ್ಣಾಗ ನೀರ ಬಂತು ಅಂತ ಉದ್ದಾನುದ್ದ ಬರದು ಕಳಿಸಿದ್ರು. ಸ್ಟೇಟಸ್ಸಿಗೂ ಹಾಕಿದ್ರು. ರೊಕ್ಕ ಬಂದದ್ದು ಮೂರು ತಿಂಗಳಿಗೆ, ಅದೂ ಮೂರು ಸಲ ಮಾಡಿ. ನಡುವ ಮಗಳ ಕಾಲೇಜಿನ ಫೀ ಕಟ್ಟೋ ದಿನ ಬಂದು, ಆಕಿ ಕಿವ್ಯಾಗಿನ ಬೆಂಡ್ವಾಲಿ ಗಿರವಿ ಇಟ್ಟಿದ್ಲು. ಆ ಬಡ್ಡಿ ಕಟ್ಟಿದಾಕಿ ಆಕಿ. ಮಾತಿಗೆ ತಪ್ಪಿದವರು ಬ್ಯಾರೆ, ಬಡ್ಡಿ ಕಟ್ಟಿದಾಕಿ ಬ್ಯಾರೆ. ಆ ಕೌದಿ ಹೊಳ್ಳಿ ತೊಗೊಂಡು ಬ್ಯಾರೆಯವರಿಗೆ ಮಾರಲಿಕ್ಕೂ ಬರೂದಿಲ್ಲ. ಮಂದಿ ಅಜ್ಜಿ ಸೀರಿ ಯಾರು ತೊಗೋತಾರ?

ಹಿಂಗ ತಡಾ ಮಾಡೋವ್ರು ಕೆಟ್ಟ ಮಂದಿ ಅಂತ ನನಗ ಅನಸೂದಿಲ್ಲ. ಎಲ್ಲೋ ಒಬ್ಬರು ಮೋಸಗಾರರು ಇರಬಹುದು, ಉಳಿದವರು ನಮ್ಮ ನಿಮ್ಮಂಥವರ. ಕಾಯಿಪಲ್ಯಾ ಸಂತ್ಯಾಗ ಕೊತ್ತಂಬ್ರಿ ತೊಗೊಂಡ್ರ ಅಲ್ಲೇ ಸ್ಕ್ಯಾನರಿಗೆ ಫೋನ ಹಿಡೀತೀವಿ, ಯಾಕಂದ್ರ ಮಾರೋವಾಕಿ ಎದುರಿಗೆ ಕೂತಿರ್ತಾಳ, ‘ಬಂತು’ ಅಂತ ಡಬ್ಬಿ ಒದರೋ ತನಕ ಕಾಲ ಕೀಳೂದಿಲ್ಲ. ವಾಟ್ಸ್ಯಾಪಿನಾಗ ಎದುರಿಗೆ ಯಾರೂ ಇಲ್ಲ. ಹಿಟ್ಟು ನಾದೋ ಮುಂದ ಮೆಸೇಜು ಬರ್ತದ, ಕೈ ತೊಳಕೊಂಡು ನೋಡೋದ್ರಾಗ ನಲವತ್ತು ಗುಡ್ ಮಾರ್ನಿಂಗ್ ಬಂದು ಅದು ಕೆಳಗ ಹೋಗಿರ್ತದ. ಯುಪಿಐ ಬಂದದ್ದು 2016ರಾಗ. ಅದಕ್ಕಿಂತ ಮೊದಲ ಬ್ಯಾಂಕಿಗೆ ಹೋಗಬೇಕು, ಚಲನ್ ತುಂಬಬೇಕು ಅನ್ನೋ ಕಾರಣನಾದ್ರೂ ಇತ್ತು. ಈಗ ಅರ್ಧ ನಿಮಿಷದ ಕೆಲಸ. ಅರ್ಧ ನಿಮಿಷದ ಕೆಲಸನ ಮುಂದ ಹಾಕಲಿಕ್ಕೆ ಭಾಳ ಸರಳ ನೋಡ್ರಿ.

ಮೊದಲ ರೊಕ್ಕ ಕೇಳಿದ್ರ ‘ನನ್ನ ಮ್ಯಾಲೆ ನಂಬಿಕಿ ಇಲ್ಲೇನು’ ಅಂತ ಮಾರಿ ಸಣ್ಣದು ಮಾಡೋವ್ರು ಇದ್ದಾರ. ಅವರಿಗೆ ಪೋಸ್ಟಿನ ವಿ.ಪಿ.ಪಿ. ನೆನಪು ಮಾಡಿ ಕೊಡಬೇಕು. ನಮ್ಮ ಅವ್ವಾ, ಅಜ್ಜಿ ಕಾಲದಾಗ ಪುಸ್ತಕ, ಔಷಧ ಹಂಗ ಬರ್ತಿದ್ವು. ಪೋಸ್ಟಮನ್ ಅಂಗಳದಾಗ ನಿಂತು ಮೊದಲ ರೊಕ್ಕ ಎಣಿಸಿಕೊಂಡು ಆಮ್ಯಾಲೆ ಗಂಟು ಕೊಡ್ತಿದ್ದ. ರೊಕ್ಕ ಇಲ್ಲಂದ್ರ ಗಂಟು ಹೊಳ್ಳಿ ಹೋಗ್ತಿತ್ತು. ಕೊಟ್ಟ ರೊಕ್ಕನ ಪೋಸ್ಟಿನವರ ಮನಿಯಾರ್ಡರ್ ಮಾಡಿ ಕಳಿಸಿದವರಿಗೆ ಮುಟ್ಟಸ್ತಿದ್ರು. ಪೋಸ್ಟಮನ್ನಿಗೆ ಚಹಾ ಕುಡಿಸಿ ಕಳಿಸ್ತಿದ್ರ ಹೊರತು ‘ನಂಬಿಕಿ ಇಲ್ಲೇನು’ ಅಂತ ಯಾರೂ ಜಗಳಾ ತಗದಿಲ್ಲ. ಈಗೂ ದೊಡ್ಡ ಕಂಪನಿಯಿಂದ ಮಿಕ್ಸರ್ ತರಿಸಿದ್ರ ಒಂದೋ ಮೊದಲ ಕೊಡ್ತೀವಿ, ಇಲ್ಲಾ ಬಾಗಲದಾಗ ಕೊಡ್ತೀವಿ. ಆ ಹುಡುಗನ್ನ ನಿಲ್ಲಿಸಿ “ನಮ್ಮನಿಯವರು ಬಂದ ಮ್ಯಾಲೆ ಹಾಕಸ್ತೀನಪಾ” ಅಂತ ಯಾರೂ ಹೇಳೂದಿಲ್ಲ. ಆ ಮಾತೆಲ್ಲಾ ಮನ್ಯಾಗ ಕೂತು ಮಾರೋ ಹೆಣ್ಣಮಕ್ಕಳ ಸಲವಾಗಿನ ತಗದು ಇಟ್ಟದ್ದು.

ಗಿರಾಕಿ ಹೆದರಿಕಿನೂ ಸುಳ್ಳಲ್ಲ. ಫೋನಿನಾಗ ಚಂದ ಚಂದ ಸೀರಿ ತೋರಿಸಿ, ರೊಕ್ಕ ತೊಗೊಂಡು ನಾಪತ್ತೆ ಆಗೋ ಅಂಗಡಿ ರಗಡ ಅವ. ಹಿಂಗಾಗಿ ಹೊಸಾ ಗಿರಾಕಿ “ಮೊದಲ ಬರಲಿ, ನೋಡಿ ಕೊಡ್ತೀನಿ” ಅಂದ್ರ ನಾ ಸಿಟ್ಟ ಮಾಡೂದಿಲ್ಲ. ಒಮ್ಮೆ ಫೋನ್ ಮಾಡಿ ಮಾತಾಡ್ತೀನಿ, ನಮ್ಮ ಊರು, ಓಣಿ ಹೇಳ್ತೀನಿ, ತಕ್ಕಡಿ ಮ್ಯಾಲೆ ಇಟ್ಟು ಫೋಟೋ ಕಳಸ್ತೀನಿ, ಕೊರಿಯರಿನ ನಂಬರ್ ಅವತ್ತೇ ಕೊಡ್ತೀನಿ. ಅಷ್ಟಾದ ಮ್ಯಾಲೂ ಅನುಮಾನ ಇದ್ರ ಕಾಲ್ ಕಿಲೋ ತೊಗೊಂಡು ನೋಡ್ರಿ ಅಂತೀನಿ. ಕಾಲ್ ಕಿಲೋದ ರೊಕ್ಕನೂ ಮೊದಲ.

ಹೆಂಗ ಕೇಳಬೇಕು ಅನ್ನೋದ ನಮ್ಮ ಹೆಣ್ಣಮಕ್ಕಳ ದೊಡ್ಡ ತ್ರಾಸು. ಬಾಯಿ ಬರೂದಿಲ್ಲ. ಅದಕ್ಕ ಕೇಳೋ ಪ್ರಸಂಗನ ಬರದಂಗ ಆರ್ಡರ್ ತೊಗೊಳ್ಳೋ ದಿನಾನ ಎಲ್ಲಾ ಬರದು ಕಳಿಸಿಬಿಡಬೇಕು. ನಾ ಹಿಂಗ ಬರೀತೀನಿ: “ಗುರೆಳ್ಳು ಚಟ್ನಿ ಅರ್ಧ ಕಿಲೋ, ಶೇಂಗಾ ಚಟ್ನಿ ಅರ್ಧ ಕಿಲೋ, ಕೊರಿಯರ್ ಸೇರಿ ಒಟ್ಟು ಇಷ್ಟು. ಬುಧವಾರದೊಳಗ ರೊಕ್ಕ ಬಂದ್ರ ಗುರುವಾರ ಹುರದು ಶುಕ್ರವಾರ ಕಳಸ್ತೀನಿ. ಆಮ್ಯಾಲೆ ಬಂದದ್ದು ಮುಂದಿನ ವಾರಕ್ಕ.” ಇದರಾಗ ಎಲ್ಲೂ ‘ದಯವಿಟ್ಟು’ ಇಲ್ಲ, ‘ತಪ್ಪು ತಿಳಕೋಬ್ಯಾಡ್ರಿ’ ಇಲ್ಲ. ಬಸ್ಸಿನ ವ್ಯಾಳ್ಯಾ ಹೇಳಿದಂಗ ಹೇಳೋದು. ಪಂಚಮಿ, ದೀಪಾವಳಿ ಮುಂದ ಇದು ಇನ್ನೂ ಬಿಗಿ ಇರಬೇಕು, ಹಬ್ಬ ಮುಗದ ಮ್ಯಾಲೆ ಪಂಚಮಿ ಉಂಡಿ ಯಾರಿಗೂ ಬ್ಯಾಡ. ಅಳತಿ ಕೊಟ್ಟು ಹೊಲಿಸೋ ಕುಪ್ಪಸ, ಕೌದಿ ಇಂಥಾವಕ್ಕ ಅರ್ಧ ರೊಕ್ಕ ಬಂದ ಮ್ಯಾಲೆನ ಕತ್ತರಿ ಹಿಡೀರಿ, ಉಳಿದ ಅರ್ಧ ಫೋಟೋ ತೋರಿಸಿದ ಮ್ಯಾಲೆ, ಕಳಿಸೋಕಿಂತ ಮೊದಲ.

ಈಗಾಗಲೇ ಕೊಟ್ಟು ಕೂತದ್ದಕ್ಕ ಏನ್ ಮಾಡೋದು? ಒಂದು ಸಲ ಮೆಸೇಜು, ಮೊತ್ತ ಬರದು: “ಹೋದ ಸೋಮವಾರದ 600 ರೂಪಾಯಿ ಇನ್ನೂ ಬಂದಿಲ್ಲರಿ, ಇವತ್ತ ಹಾಕ್ರಿ.” ಮೊತ್ತ ಬರೀಲೇಬೇಕು. ‘ಅದೊಂದು ಸ್ವಲ್ಪ ನೋಡ್ರಿ’ ಅಂತ ಬರದ್ರ ಅವರು ಎರಡು ನಮಸ್ಕಾರದ ಚಿತ್ರಾ ಹಾಕಿ ಸುಮ್ಮನಾಗ್ತಾರ. ವಾರದ ಮ್ಯಾಲೆ ಒಂದು ಫೋನು. ಅದಕ್ಕೂ ಬರಲಿಲ್ಲಂದ್ರ ಅವರ ಮುಂದಿನ ಆರ್ಡರ್ ಬಂದಾಗ “ಹಳೇದು ಮುಟ್ಟಲಿ, ಎರಡೂ ಕೂಡಿ ಕಳಸ್ತೀನಿ” ಅನ್ನೋದು. ದೀಪಾವಳಿ ಮುಂದ ಹಳೇ ಬಾಕಿ ಎಲ್ಲಾ ಹೊರಗ ಬರೋದು ಹಿಂಗ. ಗ್ರೂಪಿನಾಗ ಹೆಸರು ಹಾಕಿ ಮರ್ಯಾದಿ ತಗಿಯೋದು ಮಾತ್ರ ಬ್ಯಾಡ. ರೊಕ್ಕ ಬರೂದಿಲ್ಲ, ಉಳಿದ ಗಿರಾಕಿನೂ ಹೆದರ್ತಾರ.

ಇನ್ನ ಬಳಗದ ಮಾತು. ಸಿಟ್ಟ ಬರೋರು ಬರಲಿ, ಎಲ್ಲಾರಕಿಂತ ತಡಾ ಮಾಡೋರು ನಮ್ಮವರ. ಗುರುತಿಲ್ಲದಾಕಿ ಎರಡ ದಿನದಾಗ ಹಾಕ್ತಾಳ. ನಾದಿನಿ, ವೈನಿ, ಮೌಶಿ ಮಗಳು, ಇವರ ಹಂತ್ಯಾಕ ಬಾಯಿ ಬಿಡಲಿಕ್ಕೆ ಬರೂದಿಲ್ಲ, ಬಿಟ್ರ “ನೋಡವಾ, ಚಟ್ನಿಪುಡಿ ರೊಕ್ಕಕ್ಕ ಗಂಟಬಿದ್ದಾಳ” ಅಂತ ಮದುವ್ಯಾಗ ಮಾತು. ನಮ್ಮ ಮನ್ಯಾಗ ನಾ ಒಂದು ಪದ್ಧತಿ ಮಾಡೀನಿ. ಉಡಿ ತುಂಬೋದು ಬ್ಯಾರೆ, ಮಾರೋದು ಬ್ಯಾರೆ. ಬಳಗದವರಿಗೆ ವರ್ಷಕ್ಕ ಒಂದ್ಸಲ ಒಂದೊಂದು ಡಬ್ಬಿ ಸುಮ್ಮನ ಕೊಡ್ತೀನಿ, ಅದಕ್ಕ ರೊಕ್ಕ ಕೊಡಲಿಕ್ಕೆ ಬಂದ್ರೂ ತೊಗೊಳೂದಿಲ್ಲ. ಉಳಿದದ್ದೆಲ್ಲಾ ಆರ್ಡರ್. ಆರ್ಡರಿಗೆ ಎಲ್ಲಾರಿಗೂ ಹೋಗೋ ಮೆಸೇಜ ಹೋಗ್ತದ, ಅತ್ತಿಯವರ ತವರುಮನಿಗೂ ಅದ ಹೋಗ್ತದ. ಮೊದಲ ಆರು ತಿಂಗಳು ಮಾತು ಕೇಳಿದೆ, ಈಗ ಯಾರೂ ಏನೂ ಅನ್ನೂದಿಲ್ಲ.

ಒಂದು ಎಚ್ಚರಿಕಿ ನಡುವ ಹೇಳಿಬಿಡ್ತೀನಿ. ‘ರೊಕ್ಕ ಹಾಕೀನಿ’ ಅಂತ ಕಳಿಸೋ ಸ್ಕ್ರೀನ್‌ಶಾಟ್ ರೊಕ್ಕ ಅಲ್ಲ, ಬರೇ ಚಿತ್ರ. ಹಂಥಾ ಖೊಟ್ಟಿ ಚಿತ್ರಾ ಮಾಡೋ ಆ್ಯಪ್‌ಗಳೂ ಅವ. ನಮ್ಮ ಖಾತೆದಾಗ ಬಾಕಿ ಹೆಚ್ಚಾಗೇದೇನು ಅಂತ ನಾವ ತಗದು ನೋಡಬೇಕು. ರೊಕ್ಕ ಬರಲಿಕ್ಕೆ ಪಿನ್ ಹೊಡಿಯೋದು ಬ್ಯಾಡ, ಯಾವ ಕೋಡೂ ಸ್ಕ್ಯಾನ್ ಮಾಡೋದು ಬ್ಯಾಡ. ಪಿನ್ ಕೇಳಿತಂದ್ರ ರೊಕ್ಕ ನಮ್ಮ ಖಾತೆಯಿಂದ ಹೊಂಟದ ಅಂತ ಅರ್ಥ. “ನಾ ಮಿಲಿಟರಿದಾಗ ಇದ್ದೀನಿ, ಐವತ್ತು ಕಿಲೋ ಬೇಕು, ಕೋಡ್ ಕಳಿಸೀನಿ ಒತ್ತರಿ” ಅಂತ ಬಂದ್ರ ಫೋನ್ ಇಡ್ರಿ. “600ರ ಬದಲಿ 6000 ಹೋಗಿಬಿಡ್ತು, ಲಗೂನ ಹೊಳ್ಳಿ ಹಾಕ್ರಿ” ಅನ್ನೋದೂ ಇದೇ ಜಾತಿದು.

ಅಂಗಡಿಯವರು, ನಮ್ಮ ಹಂತ್ಯಾಕ ತೊಗೊಂಡು ತಮ್ಮ ಹೆಸರಿನ ಮ್ಯಾಲೆ ಆನ್‌ಲೈನಿನಾಗ ಮಾರೋವ್ರು, ಇವರದು ಬ್ಯಾರೆ ಕಥಿ. “ಮಾರಿದ ಮ್ಯಾಲೆ ಕೊಡ್ತೀವಿ” ಅಂತಾರ, ಮಾರಿದ್ದು ಯಾವಾಗ ಅಂತ ಅವರಿಗಷ್ಟ ಗೊತ್ತು. ಇಲ್ಲೆ ಕಾನೂನು ನಮ್ಮ ಕಡೆ ಅದ, ಭಾಳ ಮಂದಿಗೆ ಗೊತ್ತಿಲ್ಲ. 2006ರ ಎಂಎಸ್‌ಎಂಇ ಕಾಯ್ದೆದ ಪ್ರಕಾರ ನಮ್ಮಂಥಾ ಸಣ್ಣ ಉದ್ಯೋಗದವರ ಮಾಲು ತೊಗೊಂಡವರು ಬರವಣಿಗಿ ಕರಾರು ಇಲ್ಲದಿದ್ರ 15 ದಿನದಾಗ, ಕರಾರು ಇದ್ರೂ 45 ದಿನ ಮೀರದಂಗ ರೊಕ್ಕ ಕೊಡಬೇಕು. ತಡಾ ಆದ್ರ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಇದರ ಉಪಯೋಗ ಆಗಬೇಕಂದ್ರ ಮೊದಲ ‘ಉದ್ಯಮ್’ ನೋಂದಣಿ ಮಾಡಿಸಿರಬೇಕು. ಆಧಾರ್ ಕಾರ್ಡಿನ ಮ್ಯಾಲೆ ಆಗ್ತದ, ಫೀ ಇಲ್ಲ, ಫೀ ಕೇಳೋ ವೆಬ್‌ಸೈಟು ಸರಕಾರದ್ದಲ್ಲ. ತಾವ ಮಾಡಿ ಮಾರೋರಿಗೆ ಇದು ಅನ್ವಯ, ಬರೇ ತಂದು ಮಾರೋ ಸೀರಿ ವ್ಯಾಪಾರಕ್ಕ ಅಲ್ಲ. ದೂರು ಕೊಡಲಿಕ್ಕೆ ಸರಕಾರದ ಪೋರ್ಟಲ್ಲೂ ಅದ. ಎರಡು ಸಾವಿರ ರೂಪಾಯಿಗೆ ಯಾರೂ ಅಲ್ಲೀತನಕಾ ಹೋಗೂದಿಲ್ಲ, ಖರೇ. ಆದ್ರ ಬಿಲ್ಲಿನ ಮ್ಯಾಲೆ ಉದ್ಯಮ್ ನಂಬರ್ ಹಾಕಿ, ಕೆಳಗ ‘15 ದಿನದಾಗ ಕೊಡಬೇಕು’ ಅಂತ ಬರೀರಿ. 2024ರಿಂದ ಆದಾಯ ತೆರಿಗಿ ನಿಯಮನೂ ಬದಲಾಗೇದ. ನಮ್ಮಂಥವರ ರೊಕ್ಕ ಈ ಗಡುವು ಮೀರಿ ಇಟಗೊಂಡ್ರ, ಕೊಡೋ ತನಕ ಅದನ್ನ ಖರ್ಚು ಅಂತ ತೋರಿಸಲಿಕ್ಕೆ ಬರೂದಿಲ್ಲ. ಹಂಗಾಗಿ ಅಂಗಡಿಯವರ ಆಡಿಟರ್ ಆ ನಂಬರ್ ನೋಡ್ತಾರ.

“ಇಷ್ಟ ಬಿಗಿ ಆದ್ರ ಗಿರಾಕಿ ಮುರೀತಾವ” ಅಂತ ನಮ್ಮ ಅತ್ತಿಯವರು ಅಂತಾರ. ಮುರೀತಾವ, ಇಲ್ಲ ಅನ್ನೂದಿಲ್ಲ. ನನ್ನ ಹಂತ್ಯಾಕಿಂದ ಹೋದವರ ಹೆಸರು ವಹಿದಾಗ ಹುಡುಕಿದ್ರ ಪ್ರತಿ ಹೆಸರಿನ ಮುಂದ ಬಾಕಿ ಗೆರಿ ಅದ. ಅವರ ಆರ್ಡರಿಲ್ಲದ ನನ್ನ ಒಲಿ ಏನೂ ಆರಿಲ್ಲ.

ಉದ್ರಿ ಕೊಡೋ ಒಬ್ಬಾಕಿ ನನಗೂ ಇದ್ದಾಳ. ಶಾಲ್ಯಾಗ ಅಡಗಿ ಮಾಡೋ ಕೆಲಸದಾಕಿ. “ಅಕ್ಕಾರ, ಹತ್ತನೇ ತಾರೀಖಿಗೆ ಕೊಡ್ತೀನಿ” ಅಂತ ಮೊದಲ ಹೇಳಿ ತೊಗೋತಾಳ. ಪಗಾರ ಒಂದ್ ವ್ಯಾಳ್ಯಾ ತಡಾ ಆದ್ರ ಒಂಬತ್ತನೇ ತಾರೀಖಿಗೆ ಬಂದು ಹೇಳ್ತಾಳ. ಆಕಿಗೆ ನಾ ಎಷ್ಟಾದ್ರೂ ಕೊಡ್ತೀನಿ. ಆಕಿ ಹೆಸರಿನ ಮುಂದ ನನ್ನ ವಹಿದಾಗ ಯಾವತ್ತೂ ತಾರೀಖು ಇರ್ತದ.